ಕೊಸರಿಗೆ ಬಂದ ಬಾವಿ

ಲೀಲಮ್ಮನವರು ಯಾವ ಅಂಗಡಿಯಲ್ಲೂ ಚೌಕಾಸಿ ಮಾಡಿದವರಲ್ಲ. ಮದರಾಸಿನ ವೇಲಚೇರಿಯ ತರಕಾರಿಯವರು ಇದನ್ನು ಕೇಳಿದರೆ ತಕ್ಕಡಿ ಬಿಟ್ಟು ನಕ್ಕಾರು, ಆದರೂ ಮಾತು ನಿಜ. ಅಂಗಡಿಯವನು ಹೇಳಿದ ಬೆಲೆಗೆ ಒಪ್ಪಿ, ಚೀಲಕ್ಕೆ ಹಾಕಿಸಿಕೊಂಡು, ಹಣ ಕೊಟ್ಟು, 'ಇಷ್ಟು ಒಳ್ಳೆಯ ಗಿರಾಕಿ ಬಹಳ ದಿನದ ಮೇಲೆ ಬಂದರು' ಎಂದು ಅವನು ಮೈ ಸಡಿಲ ಬಿಟ್ಟ ಮೇಲೆ ಅವರ ಕೆಲಸ ಶುರುವಾಗುತ್ತಿತ್ತು. ಹೊರಟಂತೆ ಎರಡು ಹೆಜ್ಜೆ ಹಾಕಿ ತಿರುಗಿ, "ಅಯ್ಯೋ, ಕೊಸರು ಹಾಕಲೇ ಇಲ್ವಲ್ಲಪ್ಪ" ಎನ್ನುವರು. ಒಂದು ಹಿಡಿ ಕರಿಬೇವು, ಒಂದು ನಿಂಬೆಹಣ್ಣು, ಒಂದು ಗೆಣ್ಣು ಶುಂಠಿ. ಗಂಟೆಗಟ್ಟಲೆ ಚೌಕಾಸಿ ಮಾಡಿದವರಿಗೆ ಸಿಗದಷ್ಟು ಲಾಭ ಆ ಎರಡು ಹೆಜ್ಜೆಯಲ್ಲಿ ಸಿಗುತ್ತಿತ್ತು. ಚೌಕಾಸಿಗೆ ಅಂಗಡಿಯವನು ಮೊದಲೇ ಕವಚ ತೊಟ್ಟು ಕೂತಿರುತ್ತಾನೆ. ಕೊಸರಿಗೆ ಕವಚವಿಲ್ಲ.

ಅವರ ಬದುಕೇ ಹೀಗೆ ಹಿಡಿ ಹಿಡಿಯಾಗಿ ಕೂಡಿಬಂದದ್ದು. ಚನ್ನರಾಯಪಟ್ಟಣದಿಂದ ಮದುವೆಯಾಗಿ ಬಂದದ್ದು ತಾಂಬರಂನ ರೈಲ್ವೆ ಕ್ವಾರ್ಟರ್ಸಿಗೆ. ಗಂಡ ಶಿವರಾಮು ಎಗ್ಮೋರ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಜಗತ್ತೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದ ಗಂಟು, ಅವಸರ ಪಟ್ಟರೆ ಹಗ್ಗ ಬಿಚ್ಚಿಕೊಳ್ಳುತ್ತದೆ ಎಂಬುದು ಅವರ ತತ್ವ. ಲೀಲಮ್ಮನಿಗೆ ಅಷ್ಟು ನಿಧಾನ ಒಗ್ಗಲಿಲ್ಲ. ಮನೆಯಲ್ಲೇ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ, ಎಲೆಕ್ಟ್ರಿಕ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಚೀಲ ಹೊತ್ತು, ಬ್ಯಾಂಕು, ರೈಲ್ವೆ, ವಿಮೆ ಎಂದು ಮದರಾಸಿಗೆ ಬಂದು ಚೆಲ್ಲಿದ್ದ ಕನ್ನಡದ ಮನೆಗಳಿಗೆ ಮುಟ್ಟಿಸಿದರು. ಗಿರಾಕಿಗೆ ಕೊಸರು ಹಾಕುವುದರಲ್ಲೂ ಅವರದು ಧಾರಾಳ ಕೈ. ಸಾರಿನಪುಡಿ ಕೊಂಡವರಿಗೆ ಕಾಗದದಲ್ಲಿ ಒಂದು ಚಿಟಿಕೆ ಚಟ್ನಿಪುಡಿ. ಮುಂದಿನ ತಿಂಗಳು ಅವರು ತಾವಾಗಿ ಚಟ್ನಿಪುಡಿ ಕೇಳುವರು. ಧಾರಾಳವೆಂದರೆ ಇದು.

ವೇಲಚೇರಿಯ ಈ ಫ್ಲಾಟು ಕೊಂಡಾಗಲೂ ಅಷ್ಟೇ. ಪತ್ರಕ್ಕೆ ರುಜು ಬಿದ್ದು, ಬಿಲ್ಡರು ಕೈಕುಲುಕಿ, ಎಲ್ಲರೂ ಕಾಫಿ ಕುಡಿದಾದ ಮೇಲೆ ಲೀಲಮ್ಮ, "ತಾರಸಿ ಮೇಲೆ ಒಂದು ಬಟ್ಟೆ ಒಗೆಯೋ ಕಲ್ಲು ಹಾಕಿಸಿಬಿಡಿ" ಎಂದರು. ಹೊಸ ಕಾಲದ ಫ್ಲಾಟಿನ ನೆತ್ತಿಯ ಮೇಲೆ ಆ ಕಪ್ಪು ಕಲ್ಲು ಈಗಲೂ ಕೂತಿದೆ.

ಇಂಥ ಲೀಲಮ್ಮನಿಗೆ ಕೊಸರಿನಿಂದ ತೀರದ ಕೊರತೆ ಒಂದೇ ಉಳಿದಿತ್ತು. ಅದು ನೀರಿನದು.

ಅವರ ಮನೆತನದಲ್ಲಿ ಬಾಣಂತಿ ಎದ್ದು ಓಡಾಡುವಂತಾದ ಮೇಲೆ ಗಂಗೆ ಪೂಜೆ ಮಾಡಬೇಕು. ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಹೂವು, ವೀಳ್ಯದೆಲೆ, ಅಡಿಕೆ ಇಟ್ಟು, ಬಾಣಂತಿ ತಾನೇ ಒಂದು ಬಿಂದಿಗೆ ಸೇದಬೇಕು. ಆ ಮೊದಲ ಬಿಂದಿಗೆ ತನ್ನ ಮನೆಗೆ ಬರಕೂಡದು. ಬೇರೆ ಮನೆಯ ಹೊಸ್ತಿಲಿಗೆ ಹೋಗಬೇಕು. ಎರಡನೆಯದು ತನ್ನದು. ಮಗ ಶ್ರೀನಾಥ್ ಹುಟ್ಟಿದಾಗ ತಾಂಬರಂನ ಕ್ವಾರ್ಟರ್ಸಿನಲ್ಲಿ ಬಾವಿ ಇರಲಿಲ್ಲ. "ನಲ್ಲಿಯೂ ಗಂಗೆಯೇ ಅಲ್ಲವಾ" ಎಂದು ಪಕ್ಕದ ಮನೆಯವರು ಧೈರ್ಯ ಹೇಳಿದರು. ಲೀಲಮ್ಮ ನಲ್ಲಿಗೇ ಕುಂಕುಮ ಇಟ್ಟು, ಮಲ್ಲಿಗೆ ಸುತ್ತಿ ಪೂಜೆ ಮಾಡಿದರು. ಅದೇ ಸಂಜೆ ನಲ್ಲಿ ಒಮ್ಮೆ ಉಸ್ಸೆಂದು ನಿಂತುಹೋಯಿತು. ಹೂವು ಒಣಗಿ ಉದುರಿದ ಮೇಲೂ ನೀರು ಬರಲಿಲ್ಲ.

ಊರೆಲ್ಲ ಅದನ್ನು ಬೇಸಿಗೆ ಎಂದಿತು. ಲೀಲಮ್ಮ ಮಾತ್ರ ತಮ್ಮ ತಪ್ಪು ಎಂದುಕೊಂಡರು. ಅಂದಿನಿಂದ ಮದರಾಸಿನಲ್ಲಿ ನೀರು ಕೈಕೊಟ್ಟಾಗಲೆಲ್ಲ ಅವರ ಮುಖದಲ್ಲಿ, ಕಳ್ಳಸರಕು ಸಿಕ್ಕಿಬಿದ್ದ ವ್ಯಾಪಾರಿಯ ಕಳೆ.

"ಪೂಂಡಿ ಕೆರೆ ಒಣಗಿದ್ದೂ ನಿನ್ನಿಂದಲೇ ಏನೇ?" ಎಂದು ಶಿವರಾಮು ಪೇಪರಿನ ಹಿಂದಿನಿಂದ ಕೇಳುವರು.

"ನಗಿ, ನಗಿ. ನಲ್ಲಿ ಮೂತಿಗೆ ಕುಂಕುಮ ಇಟ್ಟೋಳು ನಾನು, ನೀವಲ್ಲ."

"ಹೋದ ಸಲ ಮನೆಯೊಳಗೇ ಪ್ರವಾಹ ಬಂತಲ್ಲ, ಅದು?"

"ಅದು ಬೇರೆ ಯಾರದ್ದೋ" ಎನ್ನುವರು ಲೀಲಮ್ಮ.

ಈಗ ಸೊಸೆ ಪ್ರೇರಣಾಗೆ ಹೆಣ್ಣು ಮಗು ಹುಟ್ಟಿತು. ಪ್ರೇರಣಾಳ ತಾಯಿ ತುಮಕೂರಿನಲ್ಲಿ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರಿಂದ ಬಾಣಂತನ ಅತ್ತೆಯ ಪಾಲಿಗೆ ಬಂತು. ಕೂಸಿಗೆ ಮೌನ ಎಂದು ಹೆಸರಿಟ್ಟರು. ಅದು ಹೆಸರಿಟ್ಟ ಗಳಿಗೆಯಿಂದ ಮೂರು ಮಹಡಿಗೆ ಕೇಳುವಂತೆ ಕಿರುಚುತ್ತಿತ್ತು. ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ ಗಂಗೆ ಪೂಜೆ ಆಗಬೇಕು, ಈ ಸಲ ಬಾವಿಗೇ ಆಗಬೇಕು ಎಂದು ಲೀಲಮ್ಮ ಪಟ್ಟು ಹಿಡಿದರು.

ವೇಲಚೇರಿಯಲ್ಲಿ ಮಾಲ್ ಕೇಳಿ, ಸಿಗುತ್ತದೆ. ಬಾವಿ ಕೇಳಬಾರದು. ಬ್ಯಾಂಕಿನಿಂದ ಬಂದ ಶ್ರೀನಾಥ್ ಫೋನಿನಲ್ಲಿ ಹುಡುಕಿದ. ಬಾವಿಯ ಹೆಸರಿನ ಒಂದು ಹೋಟೆಲು ಸಿಕ್ಕಿತು, ಅಲ್ಲಿ ಬಿರಿಯಾನಿ ಚೆನ್ನಾಗಿದೆಯಂತೆ. ಶಿವರಾಮು ಸಂಜೆಯ ವಾಕಿಂಗಿನಲ್ಲಿ ಎರಡು ಬಾವಿ ಪತ್ತೆ ಹಚ್ಚಿದರು. ಒಂದಕ್ಕೆ ಜಾಲರಿ ಹೊದಿಸಿ ಬೀಗ ಹಾಕಿತ್ತು, ಬೀಗದ ಕೈ ಇದ್ದವರು ದುಬೈಯಲ್ಲಿದ್ದರು. ಇನ್ನೊಂದಕ್ಕೆ ಪಕ್ಕದ ಹಾಸ್ಟೆಲಿನ ಪೈಪು ಬಂದು ಸೇರಿತ್ತು. ಅದರ ಹತ್ತಿರ ಹೋದ ಶಿವರಾಮು ಮನೆಗೆ ಬಂದು ಸ್ನಾನ ಮಾಡಿದರು.

"ಅತ್ತೆ, ನಮ್ಮ ಗಂಗೆ ಲಾರೀಲಿ ಬರ್ತಾಳೆ" ಎಂದಳು ಪ್ರೇರಣಾ, ಮಗುವನ್ನು ಭುಜದ ಮೇಲೆ ತಟ್ಟುತ್ತ. "ಟ್ಯಾಂಕರಿಗೇ ಕುಂಕುಮ ಇಟ್ಟುಬಿಡೋಣ. ಡ್ರೈವರಿಗೆ ತಾಂಬೂಲ ನಾನೇ ಕೊಡ್ತೀನಿ."

"ಅದಕ್ಕೆ ಆಗಲೇ ಅವನು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಾನೆ ಕಣೆ. ಹೋದ ಸಲ ಬಂದಾಗ ಗೇಟಿಗೆ ಗುದ್ದಿದ. ಅಂಥ ಗಂಗೆ ನಮಗೆ ಬೇಡ."

ಸುಳಿವು ಕೊಟ್ಟವಳು ಅಂಜಲೈ. ಗೇಟಿನ ಹೊರಗೆ ಸೊಪ್ಪು ಮಾರುವವಳು. ಫ್ಲಾಟಿನ ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು ನಿಂತ ಸಾಲುಮನೆಗಳಲ್ಲಿ ಒಂದು ಅವಳದು. ಆ ಸಾಲಿಗೆ ಕಾರ್ಪೊರೇಷನ್ನಿನ ನೀರಿನ ಲಾರಿ ದಿನ ಬಿಟ್ಟು ದಿನ ಬರುತ್ತಿತ್ತು, ಬರುವ ಹೊತ್ತು ಮಾತ್ರ ಲಾರಿಯ ಇಷ್ಟ. ನೀಲಿ, ಹಳದಿ, ಗುಲಾಬಿ ಪ್ಲಾಸ್ಟಿಕ್ ಕೊಡಗಳು ಬೀದಿಯಲ್ಲಿ ಸಾಲಾಗಿ ಕೂತು ಕಾಯುತ್ತಿದ್ದವು. ಮನುಷ್ಯರಿಗಿಂತ ಅವಕ್ಕೆ ತಾಳ್ಮೆ ಜಾಸ್ತಿ.

ಅಂಜಲೈಯೊಂದಿಗೆ ಲೀಲಮ್ಮನದು ಅರ್ಧ ತಮಿಳು, ಅರ್ಧ ಚನ್ನರಾಯಪಟ್ಟಣ. ಅಂಜಲೈ ಎರಡನ್ನೂ ಸಲೀಸಾಗಿ ನುಂಗಿ, ತನ್ನದೊಂದು ಮೂರನೆಯ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು.

"ಈ ಕಡೆ ಎಲ್ಲಾದ್ರೂ ಕೆಣರು ಉಂಟಾ ಅಂಜಲೈ? ನೀರಿರೋ ಬಾವಿ?"

ಅಂಜಲೈ ಪುದೀನ ಕಟ್ಟುವುದನ್ನು ನಿಲ್ಲಿಸಿ ನಕ್ಕಳು. "ಕೆಣರಾ? ದಿನಾ ಅದರ ಪಕ್ಕದಲ್ಲೇ ನಡ್ಕೊಂಡು ಬರ್ತೀರಲ್ಲಮ್ಮಾ! ನಿಮ್ಮ ಸೆಕ್ರೆಟರಿ ಸಾರು ಕಾರು ನಿಲ್ಸೋದು ಎಲ್ಲಿ ಅಂದ್ಕೊಂಡ್ರಿ?"

ಫ್ಲಾಟು ಏಳುವ ಮೊದಲು ಅಲ್ಲಿ ತೋಟವಿತ್ತಂತೆ. ತೋಟದ ಬಾವಿಯಿಂದ ಇಡೀ ಸಾಲು ನೀರು ಸೇದುತ್ತಿತ್ತು. ಬಿಲ್ಡರು ಗೋಡೆ ಕಟ್ಟುವಾಗ, ನಿಮ್ಮ ನೀರಿಗೇನೂ ತೊಂದರೆಯಿಲ್ಲ ಎಂದು ಗೋಡೆಯಲ್ಲಿ ಒಂದು ಕಬ್ಬಿಣದ ಪುಟ್ಟ ಬಾಗಿಲು ಬಿಟ್ಟ. ಬಾಗಿಲು ಇದ್ದೇ ಇದೆ. ಸೆಕ್ಯುರಿಟಿ ಎಂಬ ಕಾರಣಕ್ಕೆ ಅದಕ್ಕೆ ಒಳಗಿನಿಂದ ಚಿಲಕ ಬಿತ್ತು. ಬಾವಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಬಂತು, ಚಪ್ಪಡಿಯ ಮೇಲೆ ಕಾರು ಬಂತು.

ಲೀಲಮ್ಮ ಅಂದು ಸೊಪ್ಪಿಗೆ ಕೊಸರು ಕೇಳುವುದನ್ನೂ ಮರೆತು ಓಡಿದರು.

ಸೆಕ್ರೆಟರಿ ಸುಂದರವದನಂ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟರೂ ಅವರು ನೋಟೀಸನ್ನು ಬಿಟ್ಟಿರಲಿಲ್ಲ. ಲಿಫ್ಟಿನಲ್ಲಿ ಒಂದು, ಮೆಟ್ಟಿಲಲ್ಲಿ ಒಂದು, ಮಾವಿನ ಗಿಡಕ್ಕೆ ಒಂದು. ಮನುಷ್ಯ ಕೆಟ್ಟವರಲ್ಲ, ಹಾಳೆಯ ಮೇಲೆ ಅಚ್ಚಾಗದ ವಿಷಯ ಅವರ ತಲೆಗೆ ಇಳಿಯುತ್ತಿರಲಿಲ್ಲ, ಅಷ್ಟೇ.

"ಕರೆಕ್ಟ್, ಲೀಲಾಮ್ಮಾ. ಕೆಣರು ಇದೆ" ಎಂದರು ಅವರು. "ಆದ್ರೆ, ನೆಕ್ಸ್ಟ್ ವೀಕ್ ಇರೋದಿಲ್ಲ. ಕಟ್ಟಡ ಒಡೆದ ಮಣ್ಣು ಒಂದು ಲಾರಿ ಬರುತ್ತೆ. ತುಂಬಿಸಿ ಕ್ಲೋಸ್. ವಿಸಿಟರ್ಸ್ ಪಾರ್ಕಿಂಗ್! ಮೀಟಿಂಗಲ್ಲಿ ಪಾಸ್ ಆಯ್ತೇ, ನೋಟೀಸ್ ಪಾರ್ಕಲಿಯಾ ನೀವು?"

ಲೀಲಮ್ಮ ನೋಟೀಸ್ ನೋಡಿರಲಿಲ್ಲ. ಅದನ್ನು ನೋಡಿದವರು ಇಡೀ ಫ್ಲಾಟಿನಲ್ಲಿ ಅಂಟಿಸಿದವರೊಬ್ಬರೇ. ಪೂಜೆಗೆ ಬಾವಿ ಸಿಕ್ಕಿತೆಂದು ಹಿಗ್ಗುವ ಮೊದಲೇ ಅದು ಮಣ್ಣಾಗಲಿತ್ತು. ಪೂಜೆ ಮುಗಿಸಿ, ಆಮೇಲೆ ಮುಚ್ಚಿಕೊಳ್ಳಲಿ ಎನ್ನುವಂತೆಯೂ ಇಲ್ಲ. ಹೂವಿಟ್ಟ ಬಾವಿಗೆ ಸಂಜೆಯೇ ಮಣ್ಣು ಸುರಿದರೆ, ನಲ್ಲಿ ನಿಂತದ್ದು ಏನೂ ಅಲ್ಲ ಎನ್ನುವಂಥ ತಪ್ಪು. ಬಾವಿ ಉಳಿಯಬೇಕು, ನೀರು ಬರಬೇಕು, ಆ ನೀರನ್ನು ನಾಲ್ಕು ಮನೆಯವರು ಸೇದಬೇಕು. ಇಷ್ಟನ್ನೂ ಒಂದೇ ಸಲ ಕೇಳಿದರೆ ಸುಂದರವದನಂ ಇನ್ನೊಂದು ನೋಟೀಸು ಅಂಟಿಸುವರು.

ಹಾಗಾಗಿ ಲೀಲಮ್ಮ ಏನನ್ನೂ ಕೇಳಲಿಲ್ಲ. "ಪಾರ್ಕಿಂಗ್ ಬೇಕೇ ಬೇಕು ಸಾರ್" ಎಂದು ಒಪ್ಪಿಕೊಂಡರು. "ಮುಚ್ಚೋ ಮುಂಚೆ ಸೊಸೆ ಒಂದು ಪೂಜೆ ಮಾಡಿಬಿಡ್ಲಿ. ಅರ್ಧ ಗಂಟೆ. ಪೂಜೆ ಇಲ್ಲದೆ ಮುಚ್ಚಿದ ಬಾವಿ ಮೇಲೆ ಕಾರು ನಿಲ್ಲಿಸೋದು... ನಿಮ್ಮದು ಹೊಸ ಕಾರು ಬೇರೆ."

ಕಾರಿನ ಮಾತು ಸರಿಯಾದ ಜಾಗಕ್ಕೆ ಬಿತ್ತು. "ಪೂಜೆ ತಾನೇ, ಪಣ್ಣಿಕೊಳ್ಳಿ, ಮಾಡಿಕೊಳ್ಳಿ. ಮಣ್ಣಿನ ಲಾರೀನ ಪೂಜೆ ದಿನ ಮಧ್ಯಾಹ್ನಕ್ಕೆ ಹೇಳ್ತೀನಿ" ಎಂದರು ಸೆಕ್ರೆಟರಿ, ಇಷ್ಟು ಸುಲಭವಾಗಿ ಒಂದು ವ್ಯವಹಾರ ಮುಗಿದದ್ದಕ್ಕೆ ಹಗುರವಾಗಿ.

ಲೀಲಮ್ಮ ಬಾಗಿಲವರೆಗೆ ಹೋದರು. ತಿರುಗಿದರು.

"ಸಾರ್, ಚಪ್ಪಡಿ ಎತ್ತಿಸಬೇಕಾಗುತ್ತೆ. ಒಳಗೆ ಕಸ ಇದ್ರೆ ಒಂಚೂರು ತೆಗೆಸಿಕೊಳ್ಳಲಾ? ಕಸಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ ಹೇಳಿ."

ಸುಂದರವದನಂ ಹೂಂ ಅಂದರು. ಅಂಗಡಿಯವರೆಲ್ಲ ಅನ್ನುವ ಹೂಂ ಅದೇ.

ಬಾವಿಯ ಹೂಳೆತ್ತಲು ಬಂದವರು ಅಂಜಲೈಯ ತಮ್ಮ ಮತ್ತು ಅವನ ಸಂಗಡಿಗರು. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದರು. ದೀಪ ಆರಲಿಲ್ಲ, ಒಳಗೆ ಉಸಿರಾಡಬಹುದು ಎಂದಾಯಿತು. ಆಮೇಲೆ ಬುಟ್ಟಿ ಬುಟ್ಟಿಯಾಗಿ ಫ್ಲಾಟಿನ ಚರಿತ್ರೆ ಮೇಲೆ ಬಂತು. ಕ್ರಿಕೆಟ್ ಚೆಂಡುಗಳು, ಒಂಟಿ ಚಪ್ಪಲಿಗಳು, ಪೇಂಟಿನ ಡಬ್ಬ, ಮುರಿದ ಕುರ್ಚಿ. ಕೊನೆಗೆ ಒಂದು ತಗಡಿನ ಬೋರ್ಡು. ತೊಳೆದು ನೋಡಿದರೆ, ತಮಿಳಿನಲ್ಲೂ ಇಂಗ್ಲಿಷಿನಲ್ಲೂ 'ನೀರು ಅಮೂಲ್ಯ, ಉಳಿಸಿ' ಎಂದು ಬರೆದಿತ್ತು. ಕೆಳಗೆ ಅಸೋಸಿಯೇಷನ್ನಿನ ಹೆಸರು, ಸೆಕ್ರೆಟರಿಯ ಹೆಸರು.

"ಇದು ಎಪ್ಪಡಿ ಅಲ್ಲಿಗೆ ಹೋಯ್ತು?" ಎಂದು ಸುಂದರವದನಂ ಕನ್ನಡಕ ಸರಿಮಾಡಿಕೊಂಡರು.

"ನೀರಿಗೆ ಓದೋಕೆ ಬೇಕಿತ್ತೇನೋ ಸಾರ್" ಎಂದ ಅಂಜಲೈಯ ತಮ್ಮ ಬಾವಿಯೊಳಗಿಂದ. ಮೇಲೆ ನಿಂತವರೆಲ್ಲ ನಕ್ಕರು. ಬಾವಿಯೂ ಒಳಗೇ ಒಂದು ಸುತ್ತು ನಕ್ಕಂತೆ ಕೇಳಿಸಿತು.

ಕೆಸರು ಮುಗಿದು ಮರಳು ಸಿಕ್ಕಿತು. ಮರಳಿನ ಒಂದು ಮೂಲೆಯಲ್ಲಿ ಸೆಲೆ ಕಣ್ಣು ಬಿಟ್ಟಿತು. ಯಾರೂ ಜಾರಿ ಬೀಳದಿರಲೆಂದು ಅಂಜಲೈಯ ತಮ್ಮ ಸುತ್ತ ಇಟ್ಟಿಗೆಯ ಕಟ್ಟೆ ಎತ್ತಿದ. ಮಾರನೆಯ ಬೆಳಗ್ಗೆ ಲೀಲಮ್ಮ ಬಗ್ಗಿ ನೋಡಿದಾಗ, ತಳದಲ್ಲಿ ಒಂದು ತಟ್ಟೆಯಷ್ಟು ಆಕಾಶ ಕಾಣಿಸಿತು. ಎಷ್ಟು ಹೊತ್ತಾದರೂ ಅಮ್ಮ ಬರಲಿಲ್ಲವೆಂದು ಶ್ರೀನಾಥ್ ಇಳಿದು ಬಂದರೆ, ಅವರು ಬಾವಿಕಟ್ಟೆಗೆ ಆತು ನಿಂತು ಅದರೊಂದಿಗೆ ಮಾತಾಡುತ್ತಿದ್ದರು.

"ಏನಮ್ಮ, ಬಾವಿ ಹತ್ರಾನೂ ಕೊಸರಾ?"

"ಸುಮ್ನಿರೋ. ಹೋಗಿ ಒಂದು ಬಾಟಲಿ ತುಂಬಿ ಟೆಸ್ಟಿಗೆ ಕೊಟ್ಟು ಬಾ. ಗಂಗೆಯಾದ್ರೇನು, ರಿಪೋರ್ಟು ಬೇಡ್ವಾ?"

ರಿಪೋರ್ಟು ಬಂತು. ಉಪ್ಪು ಕಡಿಮೆ, ಬಾವಿಗೆ ಕ್ಲೋರಿನ್ ಹಾಕಿ, ಕಾಯಿಸಿ ಕುಡಿಯಬಹುದು. ಲೀಲಮ್ಮ ರಿಪೋರ್ಟನ್ನು ಯಾರಿಗೂ ತೋರಿಸಲಿಲ್ಲ. ಹಾಳೆ ಕೊಟ್ಟು ಸರಕು ಮಾರಿದವರು ಯಾರಿದ್ದಾರೆ? ಅವರು ಆ ನೀರಿನಲ್ಲಿ ತೊಗರಿಬೇಳೆ ಬೇಯಲಿಟ್ಟರು.

ಫ್ಲಾಟಿನ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಬೇಳೆ ಎಷ್ಟು ಕೂಗಿಸಿದರೂ ಕಾಳು ಕಾಳಾಗಿ, ಮುನಿಸಿಕೊಂಡ ನೆಂಟರ ಹಾಗೆ, ತಳದಲ್ಲಿ ಬೇರೆಯಾಗಿ ಕೂರುತ್ತಿತ್ತು. ಅಂದು ಕುಕ್ಕರು ತೆಗೆದರೆ ಬೇಳೆ ಬೆಣ್ಣೆಯಾಗಿತ್ತು. ಲೀಲಮ್ಮ ಸಾರು ಕುದಿಸಿ, ಒಗ್ಗರಣೆ ಕೊಟ್ಟು, ಒಂದು ಡಬ್ಬಿ ತುಂಬಿ ಸುಂದರವದನಂ ಮನೆಗೆ ಕಳಿಸಿದರು. ಏನೂ ಹೇಳಿ ಕಳಿಸಲಿಲ್ಲ.

ಊಟದ ಹೊತ್ತು ಕಳೆಯುತ್ತಲೇ ಸೆಕ್ರೆಟರಿಯ ಹೆಂಡತಿ ಖಾಲಿ ಡಬ್ಬಿಯೊಂದಿಗೆ ಬಂದರು. "ಲೀಲಾಮ್ಮಾ, ಇವರು ಅನ್ನ ಎರಡು ಸಲ ಹಾಕಿಸಿಕೊಂಡರು. ಏನು, ಹೊಸಾ ಪುಡಿಯಾ?"

"ಪುಡಿ ಹಳೇದೇ" ಎಂದರು ಲೀಲಮ್ಮ. "ನೀರು ಹೊಸದು."

ಸೆಕ್ರೆಟರಿಯ ಹೆಂಡತಿ ಡಬ್ಬಿ ಹಿಡಿದುಕೊಂಡೇ ಕಿಟಕಿಗೆ ಹೋಗಿ, ಕೆಳಗಿನ ಬಾವಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಪೂಜೆಯ ದಿನ ಬೆಳಗ್ಗೆ ಬಾವಿಕಟ್ಟೆ ಅರಿಶಿನ ಹಚ್ಚಿಕೊಂಡು ಮದುವಣಗಿತ್ತಿಯಂತಿತ್ತು. ಗೋಡೆಯ ಆ ಕಡೆಯಿಂದ ಅಂಜಲೈ ಮಲ್ಲಿಗೆ ಕಳಿಸಿದ್ದಳು. ಶಿವರಾಮು ಹಳೆಯ ಪಾರ್ಸೆಲ್ ಆಫೀಸಿನ ಗೆಳೆಯರ ಮೂಲಕ ಒಂದು ಕಬ್ಬಿಣದ ರಾಟೆ ದೊರಕಿಸಿ, ಮೂರು ದಿನ ತಲೆ ಕೆಡಿಸಿಕೊಂಡು ಕಟ್ಟಿಸಿದ್ದರು. ಅದನ್ನು ಬಂದವರಿಗೆಲ್ಲ ತೋರಿಸುತ್ತ ನಿಂತಿದ್ದರು. ಪ್ರೇರಣಾ ರೇಷ್ಮೆ ಸೀರೆ ಉಟ್ಟು ಬಂದಳು. ಬಾವಿಯಿಂದ ನೀರು ಸೇದುವುದು ಅವಳಿಗೆ ಹೊಸದು. ಮೊದಲ ಸಲ ಬಿಂದಿಗೆ ನೀರಿನ ಮೇಲೆ ತೇಲಿ ಆಟವಾಡಿತು.

"ಜಗ್ಗಿ ಬಿಡೇ, ಒಂದು ಪಕ್ಕಕ್ಕೆ ವಾಲಿಸು" ಎಂದರು ಲೀಲಮ್ಮ.

"ಜಿಮ್ಮಲ್ಲಿ ಇದಕ್ಕೆ ದುಡ್ಡು ತಗೋತಾರೆ ಅತ್ತೆ" ಎಂದು ಪ್ರೇರಣಾ ಹಗ್ಗ ಜಗ್ಗಿದಳು. ಬಿಂದಿಗೆ ಬುಳುಬುಳು ಎಂದು ತುಂಬಿ ಮೇಲೆ ಬಂತು. ಮೌನ ಅಜ್ಜನ ತೋಳಲ್ಲಿ ಪ್ರಾಣ ಹೋಗುವಂತೆ ಕಿರುಚಿ, ಮುಖಕ್ಕೆ ಎರಡು ಹನಿ ಬಿದ್ದಾಗ ಬೆಚ್ಚಿ ಸುಮ್ಮನಾಯಿತು.

ಮೊದಲ ಬಿಂದಿಗೆ ಬೇರೆ ಮನೆಗೆ ಎಂಬುದು ಅಷ್ಟರಲ್ಲಿ ಫ್ಲಾಟಿಗೆಲ್ಲ ಗೊತ್ತಾಗಿತ್ತು. ಸೆಕ್ರೆಟರಿಯ ಹೆಂಡತಿ ಹೊಸ್ತಿಲು ತೊಳೆದು ರಂಗೋಲಿ ಇಟ್ಟಿದ್ದರು. ಮೊದಲ ಮಹಡಿಯ ಇಬ್ಬರೂ ಇಟ್ಟಿದ್ದರು. ಲೀಲಮ್ಮ ಯಾವ ಮೆಟ್ಟಿಲ ಕಡೆಗೂ ತಿರುಗಲಿಲ್ಲ. ಸೊಸೆಯನ್ನು ಕರೆದುಕೊಂಡು ನೇರ ಹಿಂದಿನ ಗೋಡೆಗೆ, ಕಬ್ಬಿಣದ ಪುಟ್ಟ ಬಾಗಿಲಿಗೆ ನಡೆದರು.

"ಅದು ಕ್ಲೋಸ್ಡ್, ಲೀಲಾಮ್ಮಾ! ಸೆಕ್ಯುರಿಟಿ!" ಎಂದು ಸುಂದರವದನಂ ಹಿಂದೆಯೇ ಬಂದರು.

"ಒಂದೇ ಬಿಂದಿಗೆ ಸಾರ್. ಅದಕ್ಕಿಂತ ಮುಂಚೆ ಬಾಣಂತಿ ನಮ್ಮ ಮನೆಗೆ ನೀರು ತಗೊಂಡು ಹೋಗೋ ಹಾಗಿಲ್ಲ. ಬೇರೆ ಮನೆ ಅಂದ್ರೆ ಬೇರೆ ಇರಬೇಕು. ನಾವೆಲ್ಲ ಒಂದೇ ಟ್ಯಾಂಕಿನ ನೀರು ಕುಡಿಯೋರು, ಒಂದೇ ಮನೆಯವರಿದ್ದ ಹಾಗಲ್ವಾ?"

ಇಂಥ ಒಗ್ಗಟ್ಟಿನ ಮಾತಿಗೆ ಯಾವ ಸೆಕ್ರೆಟರಿ ಬೇಡ ಎಂದಾನು? ಚಿಲಕ ಮಾತ್ರ ಬೇಡ ಎಂದಿತು. ತುಕ್ಕು ಹಿಡಿದು ಗೋಡೆಗೇ ಹುಟ್ಟಿದಂತಾಗಿತ್ತು. ಶ್ರೀನಾಥ್ ಕೊಬ್ಬರಿ ಎಣ್ಣೆ ತಂದ. ಈ ಕಡೆಯಿಂದ ಅವನೂ ವಾಚ್‌ಮನ್ನೂ ಎಳೆದರು, ಆ ಕಡೆಯಿಂದ ಅಂಜಲೈಯ ತಮ್ಮ ಭುಜ ಕೊಟ್ಟು ತಳ್ಳಿದ. ಬಾಗಿಲು ಒಮ್ಮೆ ಆನೆಯಂತೆ ಘೀಳಿಟ್ಟು ತೆರೆಯಿತು.

ಬಾಗಿಲ ಆಚೆ ಇಡೀ ಸಾಲುಮನೆ ನಿಂತಿತ್ತು. ಪ್ರೇರಣಾ ಬಿಂದಿಗೆ ಹೊತ್ತು ಹೋಗಿ ಅಂಜಲೈಯ ಹೊಸ್ತಿಲ ಮೇಲೆ ಇಳಿಸಿದಳು. ಅಂಜಲೈ ಅವಳ ಹಣೆಗೆ ಕುಂಕುಮ ಇಟ್ಟು, ಹಿಂದೆ ಅಜ್ಜನ ತೋಳಲ್ಲಿ ಬಂದ ಮಗುವಿನ ಮುಖಕ್ಕೆ ದೃಷ್ಟಿ ತೆಗೆದು, ಬಿಂದಿಗೆಯ ನೀರನ್ನು ಒಂದು ಬೊಗಸೆ ತೆಗೆದು ಕಣ್ಣಿಗೆ ಒತ್ತಿಕೊಂಡಳು.

ಪಕ್ಕದ ಮನೆಯ ಮುದುಕಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಅವಳ ಮನೆಗೆ ಬಂತು, ಸರಿ. ನಮ್ಮ ಮನೆ ಬೇರೆ ಅಲ್ವಾ?" ಎಂದು ಗುಲಾಬಿ ಕೊಡ ಎತ್ತಿಕೊಂಡು ಬಾಗಿಲು ದಾಟಿದಳು. ಅವಳ ಹಿಂದೆ ನೀಲಿ ಕೊಡ. ಅದರ ಹಿಂದೆ ಹಳದಿಯದು. ಅಂದು ಕಾರ್ಪೊರೇಷನ್ ಲಾರಿಯ ದಿನವಲ್ಲ. ಫ್ಲಾಟಿನ ಟ್ಯಾಂಕರೂ ಕೈಕೊಟ್ಟಿತ್ತು. ಸಾಲು ಕಂಡದ್ದೇ ಮೊದಲ ಮಹಡಿಯವರೂ ಬಕೆಟು ಹಿಡಿದು ಇಳಿದರು. ರಾಟೆ ಕಿರ್ರೆಂದು ಹಾಡತೊಡಗಿತು. ಬಾಣಂತಿಯ ಎರಡನೆಯ ಬಿಂದಿಗೆಗೆ ಮಾತ್ರ ಎಲ್ಲರೂ ಜಾಗ ಬಿಟ್ಟರು.

ಈ ಗದ್ದಲದ ನಡುವೆ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಮಣ್ಣಿನ ಲಾರಿ.

ಲೀಲಮ್ಮ ಕೈಯಲ್ಲಿದ್ದ ತಾಂಬೂಲದ ತಟ್ಟೆಯನ್ನು ಕೆಳಗಿಟ್ಟರು. ಇಲ್ಲಿಯವರೆಗೆ ಸಿಕ್ಕಿದ್ದೆಲ್ಲ ಚಿಲ್ಲರೆ. ಈಗಿನದೇ ವ್ಯಾಪಾರ, ಇಲ್ಲಿ ಕೊಸರಿನ ಉಪಾಯ ನಡೆಯುವಂತಿರಲಿಲ್ಲ. ಅವರು ಬಾವಿಕಟ್ಟೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಪ್ರೇರಣಾ ಅತ್ತೆಯ ಮುಖ ನೋಡಿ, ಮಗುವನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು.

ಡ್ರೈವರು ಇಳಿದು ಬಂದ. ಒಂದು ಬಾವಿ, ಅದಕ್ಕೆ ಹೂವು, ಅದರ ಸುತ್ತ ಬಣ್ಣ ಬಣ್ಣದ ಕೊಡ. "ಎಂದ ಕೆಣರು ಸಾರ್ ಮೂಡಣುಂ?" ಎಂದ. ಮುಚ್ಚಬೇಕಾದ ಬಾವಿ ಯಾವುದು?

ಎಲ್ಲರೂ ಸುಂದರವದನಂ ಕಡೆ ತಿರುಗಿದರು. ಸಾಲಿನಲ್ಲಿ ಐದನೆಯವರಾಗಿ ಅವರ ಹೆಂಡತಿ ನಿಂತಿದ್ದರು, ಕೈಯಲ್ಲಿ ಹಿತ್ತಾಳೆಯ ಕೊಡ.

"ಹೇಳಿ" ಎಂದರು ಅವರು ಗಂಡನಿಗೆ, ಬಹಳ ಮೃದುವಾಗಿ. "ಮುಚ್ಚಿಸಿ. ನಾಳೆಯಿಂದ ಬೇಳೆ ನೀವೇ ಬೇಯ್ಸಿ."

ಸುಂದರವದನಂ ಒಮ್ಮೆ ಬಾವಿಯನ್ನೂ, ಒಮ್ಮೆ ಕಾರನ್ನೂ, ಕೊನೆಗೆ ಹಿತ್ತಾಳೆಯ ಕೊಡವನ್ನೂ ನೋಡಿದರು. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವರು. ಆದೇಶ ಎಲ್ಲಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಡ್ರೈವರಿನ ಭುಜದ ಮೇಲೆ ಕೈಯಿಟ್ಟು, "ರಾಂಗ್ ಅಡ್ರೆಸ್ಸಪ್ಪಾ" ಎಂದರು. "ಇದು ನಮ್ಮ ಕುಡಿಯೋ ನೀರಿನ ಕೆಣರು."

ಡ್ರೈವರು ತನ್ನ ಬಾಟಲಿಯನ್ನೂ ತುಂಬಿಸಿಕೊಂಡು, "ಕಾಯ್ಸಿ ಕುಡಿಯಪ್ಪ" ಎಂದು ಅಂಜಲೈಯಿಂದ ಬುದ್ಧಿ ಹೇಳಿಸಿಕೊಂಡು ಹೋದ.

ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಲೀಲಮ್ಮ ಬಾವಿಕಟ್ಟೆ ಬಿಟ್ಟು ಕದಲಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಅಭ್ಯಾಸ ಬಲ, ಸುಂದರವದನಂ ಹತ್ತಿರ ಹೋದರು.

"ಸಾರ್, ಆ ಚಿಲಕ ಹಾಕಿ ತೆಗೆದು ಮಾಡಿದ್ರೆ ಮತ್ತೆ ತುಕ್ಕು ಹಿಡಿಯುತ್ತೆ. ಬೆಳಗ್ಗೆ ಸಂಜೆ ಬಾಗಿಲು ತೆಗೆದೇ ಇರಲಿ, ಅಲ್ವಾ? ಮತ್ತೆ, ತಾರಸಿ ಮಳೆ ನೀರು ಸುಮ್ನೆ ಚರಂಡಿಗೆ ಹೋಗ್ತಿದೆ..."

"ಲೀಲಾಮ್ಮಾ" ಎಂದು ಸುಂದರವದನಂ ಕೈಮುಗಿದರು, "ಎಲ್ಲಾ ಒಟ್ಟಿಗೆ ಹೇಳಿಬಿಡಿ. ಈ ಇನ್‌ಸ್ಟಾಲ್‌ಮೆಂಟು ತಾಂಗಲೆ, ತಡ್ಕೊಳ್ಳೋಕಾಗಲ್ಲ!"

ಮುಂದಿನ ಮೀಟಿಂಗಿನಲ್ಲಿ ಬಾವಿಯನ್ನು ಉಳಿಸುವ ಆಲೋಚನೆ ತಮಗೆ ಬಹಳ ಹಿಂದೆಯೇ ಹೊಳೆದಿತ್ತೆಂದು ಸೆಕ್ರೆಟರಿಯವರು ವಿವರಿಸಿದರು. ಲೀಲಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸರಕು ಮಾರಾಟವಾದ ಮೇಲೆ ಚೀಟಿಯಲ್ಲಿ ಯಾರ ಹೆಸರಿದ್ದರೇನು? ಸುಂದರವದನಂ ಕೈಗೆ ಹೊಸ ಕೆಲಸ ಸಿಕ್ಕಿತು. ತಾರಸಿಯ ಪೈಪುಗಳನ್ನು ಜಲ್ಲಿ, ಇದ್ದಿಲು, ಮರಳಿನ ಗುಂಡಿಗೆ ತಿರುಗಿಸಿ, ಸೋಸಿದ ನೀರನ್ನು ಬಾವಿಗೆ ಬಿಡಿಸಿದರು. ಬಾವಿಯ ಬಳಿ ಕಾರು ತೊಳೆಯಬಾರದು, ಸೋಪು ಬಳಸಬಾರದು, ಮೋಟಾರು ಹಾಕಿ ಎಳೆಯಬಾರದು, ಕೈಯಿಂದ ಸೇದಿದ್ದಷ್ಟೇ ನಿಮ್ಮದು ಎಂದು ಒಂದೊಂದಕ್ಕೂ ಒಂದೊಂದು ನೋಟೀಸು. ಈ ಸಲ ಜನ ಓದಿದರು. ಗೋಡೆಯ ಆ ಕಡೆಯವರ ಅನುಕೂಲಕ್ಕೆಂದು ಬಾಗಿಲ ಹೊರಗೂ ಒಂದು ಪ್ರತಿ ಅಂಟಿಸಿದರು. ಅಂಜಲೈ ಅದರ ಕೆಳಗೆ ಕೊತ್ತಂಬರಿ ಕಟ್ಟು ಹರಡಿಕೊಂಡು ಕೂರಲು ಶುರು ಮಾಡಿದಳು.

ತಮಿಳರ ಐಪ್ಪಸಿ ತಿಂಗಳ ಮಳೆ ಬಂತು. ಪ್ರತಿ ವರ್ಷ ಬೀದಿಯಲ್ಲಿ ಅಲೆದು ನೆಲಮಹಡಿಯವರ ಸೋಫಾದ ಕಾಲು ನೆನೆಸುತ್ತಿದ್ದ ನೀರಿನಲ್ಲಿ ಒಂದು ಪಾಲಿಗಾದರೂ ಈಗ ಇಳಿಯಲು ಒಂದು ಮನೆ ಸಿಕ್ಕಿತ್ತು. ಮಳೆ ಬಿಟ್ಟ ಮೊದಲ ಸಂಜೆ, ಬಾವಿಯ ನೀರು ಕೈ ಚಾಚಿದರೆ ಸಿಗುವಷ್ಟು ಮೇಲೆ ಬಂದಿತ್ತು. ಸಾಲು ಉದ್ದವಾಗಿತ್ತು. ಲೀಲಮ್ಮ ಕಂಕುಳಲ್ಲಿ ಮೊಮ್ಮಗಳು, ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಇಳಿದು, ನೇರ ರಾಟೆಯ ಹತ್ತಿರ ಹೋದರು.

"ನಂದು ಒಂದೇ ಬಿಂದಿಗೆ ಅಂಜಲೈ. ಸಾರಿಗೆ ಇಟ್ಟು ಬಂದಿದೀನಿ."

"ಎಲ್ಲಾರ ಮನೇಲೂ ಸಾರು ಇದೆಯಮ್ಮಾ. ಲೈನಲ್ಲಿ ವಾಂಗ" ಎಂದಳು ಅಂಜಲೈ, ಹಗ್ಗದಿಂದ ಕಣ್ಣೆತ್ತದೆ.

"ಈ ಬಾವಿಗೆ ಪೂಜೆ ಮಾಡಿಸಿದ್ದು ಯಾರು ಅಂತ ನೆನಪಿದ್ಯಾ?"

"ಇದೆಯಮ್ಮಾ. ಬಾಗಿಲು ತೆಗೆಸಿದ್ದೂ ನೀವೇ. ಅದಕ್ಕೇ ಲೈನ್ ಇಷ್ಟು ಉದ್ದ. ಹಿಂದೆ ಹೋಗಿ."

ಲೀಲಮ್ಮ ಹಿಂದೆ ಹೋದರು. ಅವರ ಮುಂದೆ ಸೆಕ್ರೆಟರಿಯ ಹೆಂಡತಿ, ಅವರ ಮುಂದೆ ಗುಲಾಬಿ ಕೊಡದ ಮುದುಕಿ, ಅವಳ ಮುಂದೆ ಹೆಸರು ಗೊತ್ತಿಲ್ಲದ ನಾಲ್ಕೈದು ಜನ. ಮೌನ ಅಷ್ಟರಲ್ಲಿ ಬಾಯಿ ತೆರೆದು, ಬೀದಿಯ ಕೊನೆಯವರೆಗೆ ಕೇಳುವಂತೆ ಕಿರುಚಿತು. ಸಾಲೆಲ್ಲ ತಿರುಗಿ ನೋಡಿ, ಕೆನ್ನೆ ಹಿಂಡಿ, ನಕ್ಕಿತು. ಯಾರೂ ಜಾಗ ಬಿಡಲಿಲ್ಲ.